ಓಡಲಾರದ ಜೀವದ ಎದುರು ಕ್ಯಾಮೆರಾ

ಸಿಂಗಟಗೆರೆ ಸೀಮೆಯ ಹೊಲದ ಬದುಗಳಲ್ಲಿ ಮೊಬೈಲಿಗೆ ಪುಟ್ಟ ಲೆನ್ಸ್ ಸಿಕ್ಕಿಸಿಕೊಂಡು ಮೊಣಕಾಲೂರಿ ಕೂತ ಹುಡುಗ ಹುಡುಗಿಯರನ್ನು ಕಂಡರೆ ನನಗೆ ಖುಷಿ. ಆನೆ, ಹುಲಿ ನೋಡಲು ಮಲೆನಾಡಿಗೇ ಹೋಗಬೇಕೆಂದು ಕೊರಗದೆ, ಒಂದು ಎಕ್ಕದ ಗಿಡದಲ್ಲೇ ಕಾಡನ್ನು ಕಂಡುಕೊಂಡವರು ಅವರು. ಅದಕ್ಕೇ ಈ ಮಾತನ್ನು ಅವರಿಗೇ ಹೇಳುತ್ತಿದ್ದೇನೆ.

ರೆಕ್ಕೆ ಮುರಿದ ಚಿಟ್ಟೆ ಹಾರುವುದಿಲ್ಲ. ಕಾಲು ಕಳೆದುಕೊಂಡ ಮಿಡತೆ ಜಿಗಿಯುವುದಿಲ್ಲ. ಫೋಟೋ ತೆಗೆಯುವವರಿಗೆ ಅದೇ ಅನುಕೂಲ, ಮನಸ್ಸು ಜಾರುವುದೂ ಅಲ್ಲೇ. ನೆಲದಲ್ಲಿ ಒದ್ದಾಡುತ್ತಿರುವುದನ್ನು ಎತ್ತಿ ಹೂವಿನ ಮೇಲೆ ಕೂರಿಸುತ್ತೇವೆ. ಆಮೇಲೆ ಗಟ್ಟಿಮುಟ್ಟಾದ ಹುಳುವನ್ನೂ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟು, ಮರಗಟ್ಟಿದ ಮೇಲೆ ಹೊರತೆಗೆಯುತ್ತೇವೆ. ಅಂಟು ಹಚ್ಚಿ, ದಾರ ಕಟ್ಟಿ ನಿಲ್ಲಿಸುವವರೂ ಇದ್ದಾರೆ. ಇದು ಹಿಂಸೆ. ಇದಕ್ಕೆ ಬೇರೆ ಹೆಸರು ಹುಡುಕಬೇಡಿ.

ಎಕ್ಕದ ಎಲೆ ತಿಂದು ಬೆಳೆದ ಪ್ಲೇನ್ ಟೈಗರ್ ಚಿಟ್ಟೆ ಕೋಶದಿಂದ ಹೊರಬರುವುದನ್ನು ಒಮ್ಮೆ ಕೂತು ನೋಡಿ. ಹಿಂದಿನ ದಿನದಿಂದಲೇ ಕೋಶದ ಸಿಪ್ಪೆಯೊಳಗೆ ಕಿತ್ತಳೆ ಬಣ್ಣ ಕಾಣತೊಡಗುತ್ತದೆ. ಸಿಪ್ಪೆ ಬಿರಿದು ಹೊರಬಂದ ಜೀವದ ಹೊಟ್ಟೆ ದಪ್ಪ, ರೆಕ್ಕೆಗಳು ಒದ್ದೆಯಾಗಿ ಮುದುಡಿರುತ್ತವೆ. ಅದು ತಲೆ ಮೇಲಾಗಿ ಜೋತುಬಿದ್ದು, ಮೈಯ ದ್ರವವನ್ನು ರೆಕ್ಕೆಯ ನರಗಳಿಗೆ ತಳ್ಳುತ್ತದೆ. ರೆಕ್ಕೆ ಮೆಲ್ಲಗೆ ಇಳಿಬಿದ್ದು ಅಗಲವಾಗುತ್ತದೆ, ಬಳಿಕ ಒಣಗಿ ಗಟ್ಟಿಯಾಗುತ್ತದೆ. ಆ ಹೊತ್ತಿನಲ್ಲಿ ಬೆಳಕು ಸರಿಯಿಲ್ಲವೆಂದು ನೀವು ಕಡ್ಡಿ ತಿರುಗಿಸಿ, ಅದು ಕೆಳಗೆ ಬಿದ್ದರೆ ರೆಕ್ಕೆ ಸೊಟ್ಟಗೇ ಒಣಗುತ್ತದೆ. ಸೂರ್ಯನ ಕುದುರೆಯ ಮರಿ ಕಾಲು ಕಳೆದುಕೊಂಡರೆ ಮುಂದೆ ಪೊರೆ ಬಿಡುವಾಗ ಹೊಸ ಕಾಲು ಬರಬಹುದು. ಬೆಳೆದ ಚಿಟ್ಟೆ ಮತ್ತೆ ಪೊರೆ ಬಿಡುವುದಿಲ್ಲ. ಅದರ ರೆಕ್ಕೆ ಕೆಟ್ಟರೆ ಕೆಟ್ಟಂತೆಯೇ.

ಗಾಯಗೊಂಡದ್ದರ ಫೋಟೋವನ್ನೇ ತೆಗೆಯಬೇಡಿ ಎನ್ನುತ್ತಿಲ್ಲ, ತೆಗೆಯಲೇಬೇಕಾದವೂ ಇವೆ. ಎರಡೂ ಬದಿಯ ರೆಕ್ಕೆಯಲ್ಲಿ ಒಂದೇ ಅಳತೆಯ ತುಂಡು ಹೋಗಿದ್ದರೆ, ರೆಕ್ಕೆ ಮಡಚಿ ಕೂತಿದ್ದಾಗ ಹಕ್ಕಿಯೋ ಓತಿಕ್ಯಾತವೋ ಬಾಯಿ ಹಾಕಿದ್ದಿರಬಹುದು. ತಪ್ಪಿಸಿಕೊಂಡು ಬದುಕಿದ ಆ ಚಿಟ್ಟೆಯನ್ನು ಇದ್ದಂತೆಯೇ ತೋರಿಸಿ, ಹರಿದ ರೆಕ್ಕೆಯನ್ನು ಕಂಪ್ಯೂಟರಿನಲ್ಲಿ ಹೊಲಿಯಬೇಡಿ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹೂ ಬಿಟ್ಟಾಗ ಜೇನು ಮುತ್ತುತ್ತದೆ. ಪಕ್ಕದಲ್ಲಿ ಔಷಧಿ ಹೊಡೆದ ಮೇಲೆ ಆ ಜೇನ್ನೊಣಗಳು ನೆಲದಲ್ಲಿ ಗಿರಗಿರ ಸುತ್ತುತ್ತಿದ್ದರೆ ಖಂಡಿತ ಫೋಟೋ ತೆಗೆಯಿರಿ. ದಿನ, ಬೆಳೆ, ಹೊಡೆದ ಔಷಧಿಯ ಹೆಸರು ಬರೆದಿಡಿ. ಅದು ಸಾಕ್ಷಿ. ಆ ಫೋಟೋದಿಂದ ಹೊಲದವರಿಗೂ ಜೇನಿಗೂ ಉಪಯೋಗವಿದೆ.

ಸುಳ್ಳು ಚಿತ್ರಕ್ಕೆ ಬಹುಮಾನವೂ ದಕ್ಕುವುದಿಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ 2017ರಲ್ಲಿ ಪ್ರಶಸ್ತಿ ಕೊಟ್ಟ ಒಂದು ಚಿತ್ರದಲ್ಲಿದ್ದ ಇರುವೆಬಾಕ ಚರ್ಮ ಹದಮಾಡಿ ಒಳಗೆ ತುಂಬಿ ನಿಲ್ಲಿಸಿದ ಸತ್ತ ಪ್ರಾಣಿಯಿರಬೇಕೆಂದು ತಜ್ಞರು ನಿರ್ಧರಿಸಿದ್ದರಿಂದ, 2018ರಲ್ಲಿ ಪ್ರಶಸ್ತಿಯನ್ನು ವಾಪಸು ಪಡೆಯಿತು. ಫೋಟೋಗಿಂತ ಜೀವಿಯ ಕ್ಷೇಮ ದೊಡ್ಡದು ಎಂಬುದು ಫಿಯಾಪ್‌ನಂಥ ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು ಒಪ್ಪಿಕೊಂಡ ನಿಯಮ. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿ ಬದುಕಿದ ತೇಜಸ್ವಿಯವರ ‘ಕರ್ವಾಲೊ’ ಓದಿದ್ದೀರಲ್ಲ? ಅಷ್ಟು ಕಾಡು ಅಲೆದು ಹುಡುಕಿದ ಹಾರುವ ಓತಿ ಕೊನೆಗೆ ಕೈಗೆ ಸಿಗದೆ ಕಣಿವೆಗೆ ತೇಲಿಹೋಗುತ್ತದೆ. ಅದರಿಂದ ಆ ಹುಡುಕಾಟ ಸಣ್ಣದಾಗಲಿಲ್ಲ.

ಫ್ರಿಜ್ ಮಾಡುವ ಕೆಲಸವನ್ನು ನಮ್ಮ ಬಯಲಿನ ಚಳಿಗಾಲದ ಮುಂಜಾನೆ ಪುಕ್ಕಟೆ ಮಾಡಿಕೊಡುತ್ತದೆ. ಬಿಸಿಲು ಏರುವವರೆಗೆ ಚಿಟ್ಟೆ, ಏರೋಪ್ಲೇನ್ ಚಿಟ್ಟೆ ಎಲ್ಲವೂ ಇಬ್ಬನಿ ಹೊತ್ತು ಅಲುಗದೆ ಕೂತಿರುತ್ತವೆ. ಬೇಗ ಏಳಿ, ಅಷ್ಟೇ.

ತಮ್ಮಂದಿರೇ, ತಂಗಿಯರೇ, ರಸ್ತೆಯಲ್ಲಿ ಬಿದ್ದ ಜೀವ ಕಂಡರೆ ಮೊದಲು ಒಂದು ಎಲೆಯ ಮೇಲೆ ಹತ್ತಿಸಿಕೊಂಡು ನೆರಳಿಗೆ ಬಿಡಿ. ಇರುವೆ ಮುತ್ತಿದ್ದರೆ ಅದು ಇರುವೆಯ ಪಾಲು, ಕೈ ಹಾಕಬೇಡಿ. ಒಂದೆರಡು ಚಿತ್ರ ತೆಗೆದು ಸರಿಯಿರಿ, ಗಾಯವಾಗಿತ್ತು ಎಂದು ಚಿತ್ರದ ಕೆಳಗೆ ಬರೆಯಿರಿ. ನಿಮ್ಮ ಕೈಯಿಂದ ಗಾಯವಾದ ಒಂದೇ ಒಂದು ಹುಳುವಿನ ಚಿತ್ರವೂ ನಮಗೆ ಬೇಡ.