ಹಳೆಯ ವಿದ್ಯುತ್ ಕಾರು ಮತ್ತು ಬ್ಯಾಟರಿಯ ಲೆಕ್ಕ

ಮಿತವ್ಯಯವು ಗೃಹಸ್ಥಜೀವನದ ಮುಖ್ಯ ಗುಣಗಳಲ್ಲೊಂದು. ಪೆಟ್ರೋಲಿನ ಖರ್ಚು ಉಳಿಯುವುದೆಂಬ ಕಾರಣದಿಂದ ಇಂದು ಅನೇಕ ಕುಟುಂಬಗಳು ವಿದ್ಯುತ್ ಕಾರುಗಳನ್ನು ಕೊಳ್ಳುತ್ತಿವೆ. ಹೊಸದನ್ನು ಕೊಳ್ಳಲಾರದವರು ಐದಾರು ವರ್ಷ ಓಡಿದ ಕಾರನ್ನು ಅರಸುತ್ತಾರೆ. ಇದು ತಪ್ಪಲ್ಲ. ಆದರೆ ಅಂತಹ ಕಾರು ಏಕೆ ಅಗ್ಗವಾಯಿತೆಂಬುದನ್ನು ಹಣ ಕೊಡುವ ಮುನ್ನವೇ ವಿಚಾರಿಸುವುದು ವಿವೇಕ.

ಈ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದ ರೇವಾ ಎಂಬ ಪುಟ್ಟ ಕಾರು, 6 ವೋಲ್ಟಿನ 8 ಸೀಸ-ಆಮ್ಲ ಬ್ಯಾಟರಿಗಳಿಂದ ಓಡುತ್ತಿತ್ತು. ಕಾರು ಚೆನ್ನಾಗಿದ್ದರೂ ಕೆಲವು ವರ್ಷಗಳಿಗೊಮ್ಮೆ ಆ ಬ್ಯಾಟರಿಗಳನ್ನು ಬದಲಿಸಬೇಕಾಗುತ್ತಿತ್ತು. ಇಂಧನದಲ್ಲಿ ಉಳಿದ ಹಣದ ಒಂದು ಪಾಲು ಅದಕ್ಕೇ ಹೋಗುತ್ತಿತ್ತು. ಈಗಿನ ಲಿಥಿಯಂ ಅಯಾನ್ ಬ್ಯಾಟರಿಗಳ ಆಯುಷ್ಯ ಅದಕ್ಕಿಂತ ಬಹಳ ಹೆಚ್ಚು. ಆದರೆ ಬದಲಿಸುವ ಕಾಲ ಬಂದಾಗ ವೆಚ್ಚವೂ ಅಷ್ಟೇ ದೊಡ್ಡದು.

2020ರ ಜನವರಿಯಲ್ಲಿ ಬಿಡುಗಡೆಯಾದ ಟಾಟಾ ನೆಕ್ಸಾನ್ ವಿದ್ಯುತ್ ಕಾರನ್ನು ನೋಡೋಣ. ಅದರ ಬ್ಯಾಟರಿ 30.2 ಕಿಲೋವ್ಯಾಟ್ ಗಂಟೆಯದು. ಖಾತರಿ 8 ವರ್ಷ ಅಥವಾ 1,60,000 ಕಿಲೋಮೀಟರು, ಯಾವುದು ಮೊದಲೋ ಅದು. ಮೊದಲ ವರ್ಷದ ಕಾರುಗಳಿಗೆ ಈ ಅವಧಿ 2028ರಲ್ಲಿ ತೀರುತ್ತದೆ. 2024ರಲ್ಲಿ ಜಗತ್ತಿನ ಸರಾಸರಿ ಬ್ಯಾಟರಿ ಬೆಲೆ ಕಿಲೋವ್ಯಾಟ್ ಗಂಟೆಗೆ 115 ಡಾಲರು ಎಂದು ಬ್ಲೂಮ್‌ಬರ್ಗ್ ಎನ್‌ಇಎಫ್ ಸಂಸ್ಥೆಯ ಸಮೀಕ್ಷೆ ತಿಳಿಸಿತು. ಡಾಲರಿಗೆ 85 ರೂಪಾಯಿಯಂತೆ, 30 ಕಿಲೋವ್ಯಾಟ್ ಗಂಟೆಗೆ ಸುಮಾರು 2,90,000 ರೂಪಾಯಿ. ಇದು ಕಾರು ತಯಾರಕರಿಗೆ ಬೀಳುವ ಬೆಲೆ. ಸಾಗಣೆ, ಕೂಲಿ, ವ್ಯಾಪಾರಿಯ ಲಾಭ ಇದರ ಮೇಲೆ ಸೇರುತ್ತವೆ. ತೆರಿಗೆಯ ವಿಷಯವೂ ಗಮನಾರ್ಹ. ಹೊಸ ವಿದ್ಯುತ್ ಕಾರಿಗೆ ಜಿಎಸ್‌ಟಿ ಶೇಕಡಾ 5; ಬಿಡಿಯಾಗಿ ಕೊಳ್ಳುವ ಲಿಥಿಯಂ ಬ್ಯಾಟರಿಗೆ ಶೇಕಡಾ 18. ಹಳೆಯ ಕಾರನ್ನು ಉಳಿಸಿಕೊಳ್ಳಬಯಸುವ ಸಾಮಾನ್ಯ ಕುಟುಂಬದ ಮೇಲೆಯೇ ಹೆಚ್ಚಿನ ಭಾರ ಬೀಳುವುದು ನ್ಯಾಯವೆನಿಸದು.

ಹೈಬ್ರಿಡ್ ಕಾರುಗಳಲ್ಲಿ ಬ್ಯಾಟರಿ ಚಿಕ್ಕದು. ಟೊಯೋಟಾ ಪ್ರಿಯಸ್‌ನ ಎರಡನೆಯ ಪೀಳಿಗೆಯ ಕಾರಿನಲ್ಲಿ ಅದು ಕೇವಲ 1.3 ಕಿಲೋವ್ಯಾಟ್ ಗಂಟೆಯಷ್ಟು. 28 ಘಟಕಗಳ ಜೋಡಣೆ. ಒಂದು ಘಟಕ ಕೆಟ್ಟರೂ ಇಡೀ ಬ್ಯಾಟರಿ ತೊಂದರೆ ಕೊಡುತ್ತದೆ. ಕೆಟ್ಟದ್ದನ್ನು ಮಾತ್ರ ಬದಲಿಸಿದರೆ ಖರ್ಚು ಕಡಿಮೆ. ಆದರೆ ಉಳಿದವೂ ಅಷ್ಟೇ ವಯಸ್ಸಾದವಾದ್ದರಿಂದ ಇನ್ನೊಂದು ಬೇಗನೆ ಕೆಡಬಹುದು.

ಆದ್ದರಿಂದ ಹಳೆಯ ಕಾರನ್ನು ಕೊಳ್ಳುವವರು ಬಣ್ಣ, ಮೈಲೇಜುಗಳಿಗಿಂತ ಮೊದಲು ಬ್ಯಾಟರಿಯ ಉಳಿದ ಸಾಮರ್ಥ್ಯವೆಷ್ಟೆಂಬ ವರದಿಯನ್ನು ಅಧಿಕೃತ ಸೇವಾಕೇಂದ್ರದಿಂದ ಪಡೆಯಬೇಕು. ಖಾತರಿಯು ಎರಡನೆಯ ಮಾಲೀಕರಿಗೂ ಸಲ್ಲುವುದೇ ಎಂಬುದನ್ನು ಬರವಣಿಗೆಯಲ್ಲಿ ಕೇಳಬೇಕು. ಸಾಮರ್ಥ್ಯ ಕುಂದಿದ ಮಾತ್ರಕ್ಕೆ ಬ್ಯಾಟರಿ ನಿರುಪಯುಕ್ತವಲ್ಲ. ಮೂರರಲ್ಲಿ ಎರಡು ಪಾಲು ಉಳಿದಿದ್ದರೂ ಊರೊಳಗಿನ ಓಡಾಟಕ್ಕೆ ಸಾಕಾಗಬಹುದು. ಬಿಸಿಲು ಬ್ಯಾಟರಿಯ ಶತ್ರು. ರಾಯಚೂರು, ಕಲಬುರಗಿಯಂತಹ ಊರುಗಳಲ್ಲಿ ಕಾರನ್ನು ನೆರಳಿನಲ್ಲಿ ನಿಲ್ಲಿಸುವುದು, ನಿತ್ಯವೂ ಪೂರ್ಣವಾಗಿ ತುಂಬಿಸಿಡದಿರುವುದು ಮೇಲು.

ಕೊನೆಯದು ಉಳಿತಾಯ. 3 ಲಕ್ಷ ರೂಪಾಯಿಯನ್ನು 8 ವರ್ಷಗಳಿಗೆ ಹಂಚಿದರೆ ತಿಂಗಳಿಗೆ 3,125 ರೂಪಾಯಿ. ಖಾತರಿ ಮೂರೇ ವರ್ಷ ಉಳಿದಿರುವ ಕಾರಿಗೆ ಅದೇ ಮೊತ್ತ ತಿಂಗಳಿಗೆ 8,333 ರೂಪಾಯಿಯಾಗುತ್ತದೆ. ಕೇಳಿದ ಬೆಲೆಗೆ ಈ ಮೊತ್ತವನ್ನೂ ಕೂಡಿಸಿ ನೋಡಿ, ಮನೆಯವರೆಲ್ಲ ಕುಳಿತು ಆಲೋಚಿಸಿ, ಅನಂತರವೇ ಮುಂಗಡ ಕೊಡಬೇಕೆಂದು ಓದುಗ ಬಂಧುಗಳಲ್ಲಿ ಅರಿಕೆ.