ಆಳು ನೋಡಿ ಹುಟ್ಟು

‘ಆಳು ನೋಡಿ ಮಣೆ ಹಾಕು’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಪಕ್ಷಪಾತವನ್ನು ಹಳಿಯುವುದಕ್ಕೆ ಬಳಸುತ್ತೇವೆ. ಊಟದ ಪಂಕ್ತಿಯಲ್ಲಾಗಲಿ ಕಚೇರಿಯ ಬಾಗಿಲಲ್ಲಾಗಲಿ ಅದು ದೋಷವೇ ಸರಿ. ಆದರೆ ಆಳನ್ನು ನೋಡಿಯೇ ಕೊಡಬೇಕಾದ ವಸ್ತುಗಳೂ ಲೋಕದಲ್ಲಿ ಕೆಲವುಂಟು. ಹುಟ್ಟು ಅಂಥದೊಂದು. ಜನ್ಮವೆಂಬ ಅರ್ಥದ ಹುಟ್ಟನ್ನು ಆಳು ನೋಡಿ ಹಂಚುವ ಅಧಿಕಾರ ನಮಗಿಲ್ಲ. ನಾನು ಹೇಳಹೊರಟಿರುವುದು ನೀರನ್ನು ತಳ್ಳುವ ಹುಟ್ಟಿನ ವಿಚಾರ.

ಉದ್ದನೆಯ ಹಲಗೆಯ ಮೇಲೆ ನಿಂತು, ಉದ್ದನೆಯ ಹುಟ್ಟು ಹಾಕುತ್ತ ನೀರಿನ ಮೇಲೆ ಸಾಗುವ ಆಟಕ್ಕೆ ಸ್ಟ್ಯಾಂಡ್ ಅಪ್ ಪ್ಯಾಡಲಿಂಗ್ ಎಂದು ಹೆಸರು. ನಮ್ಮ ಕರಾವಳಿಗೆ ಇದೀಗ ಅಪರಿಚಿತವಲ್ಲ. ೨೦೨೪ರ ಮಾರ್ಚ್ ತಿಂಗಳಲ್ಲಿ ಮಂಗಳೂರಿನ ಬಳಿಯ ಸಸಿಹಿತ್ಲು ಕಡಲತೀರದಲ್ಲಿ ಇದರ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯಿತು. ನಮ್ಮ ಜಿಲ್ಲೆಯವರೇ ಆದ ತನ್ವಿ ಜಗದೀಶ್ ಭಾರತದ ಪರವಾಗಿ ಹೊರದೇಶಗಳಲ್ಲಿ ಈ ಆಟವಾಡಿ ಬಂದಿದ್ದಾರೆ. ರಜಾದಿನಗಳಲ್ಲಿ ಅಳಿವೆಯ ಕಡೆ ಹೋಗಿ ಹಲಗೆ ಹತ್ತುವ ಸಹಪಾಠಿಗಳು ನಮ್ಮ ಕಾಲೇಜಿನಲ್ಲಿಯೂ ಇದ್ದಾರೆ, ನಾನೂ ಅವರಲ್ಲೊಬ್ಬಳು. ಆದರೆ ಎಲ್ಲರ ಕಣ್ಣೂ ಹಲಗೆಯ ಮೇಲೆ. ಅದರ ಬಣ್ಣವೇನು, ಬೆಲೆಯೇನು ಎಂದು ವಿಚಾರಿಸುವವರು ಹುಟ್ಟನ್ನು ಮಾತ್ರ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೊರಡುತ್ತಾರೆ. ಇದು ತಪ್ಪೆಂಬುದು ನನ್ನ ಅಭಿಪ್ರಾಯ.

ಈ ಆಟದ ಚರಿತ್ರೆಯೂ ನನ್ನ ಮಾತನ್ನು ಸಮರ್ಥಿಸುತ್ತದೆ. ಇದರ ತೌರು ಹವಾಯಿ ದ್ವೀಪಗಳು. ಕಳೆದ ಶತಮಾನದ ನಡುವಿನಲ್ಲಿ ವೈಕೀಕಿ ಕಡಲತೀರದಲ್ಲಿ ಕೆಲವರು ಅಲೆಯಾಟದ ಹಲಗೆಯ ಮೇಲೆ ನಿಂತು ದೋಣಿಯ ಹುಟ್ಟನ್ನೇ ಹಾಕುತ್ತಿದ್ದರು. ಕುಳಿತು ಹಾಕುವ ಹುಟ್ಟು ನಿಂತವನಿಗೆ ಗಿಡ್ಡ. ೧೯೯೦ರ ದಶಕದಲ್ಲಿ ಲೇರ್ಡ್ ಹ್ಯಾಮಿಲ್ಟನ್, ಡೇವ್ ಕಲಾಮ ಮೊದಲಾದವರು ನಿಂತವನ ಎತ್ತರಕ್ಕೆ ಸರಿಹೋಗುವ ಉದ್ದನೆಯ ಹುಟ್ಟನ್ನು ಹಿಡಿದ ಮೇಲೆಯೇ ಇದು ಜಗತ್ತಿಗೆಲ್ಲ ಹಬ್ಬಿತು. ಹವಾಯಿಯ ಭಾಷೆಯಲ್ಲಿ ಈ ಆಟದ ಹೆಸರೇ ‘ಹೊಎ’ ಎಂದು ಆರಂಭವಾಗುತ್ತದೆ. ಹೊಎ ಎಂದರೆ ಹುಟ್ಟು.

ಇನ್ನು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಹಲಗೆಗಳನ್ನು ಬಾಡಿಗೆಗೆ ಕೊಡುವ ಒಂದು ಕಡೆ—ಹೆಸರು ಬೇಡ—ಇದ್ದ ಹುಟ್ಟುಗಳೆಲ್ಲ ಒಂದೇ ಅಳತೆಯವು, ಆರಡಿ ಎತ್ತರದ ಗಂಡಸಿಗೆ ಒಪ್ಪುವಂಥವು. ಐದಡಿಯ ನನ್ನ ಗೆಳತಿಯರಿಗೂ ಅವನ್ನೇ ಕೊಟ್ಟರು. ಅರ್ಧ ಗಂಟೆಯಲ್ಲಿ ಅವರ ಭುಜ ಸೋತಿತು. “ಹೆಣ್ಣುಮಕ್ಕಳ ತೋಳಿಗೆ ಕಸುವು ಸಾಲದು” ಎಂದು ದಡದಲ್ಲಿ ನಿಂತವರು ತೀರ್ಪು ಕೊಟ್ಟರು. ಒಬ್ಬಳು ಆ ಮಾತನ್ನು ನಂಬಿಯೂಬಿಟ್ಟಳು, ಮತ್ತೆ ನೀರಿಗಿಳಿಯಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು. ಡೊಂಕೆನ್ನುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಲೆಕ್ಕ ಕಠಿಣವಾದುದೇನಲ್ಲ. ಸಮನೀರಿನಲ್ಲಿ ಹುಟ್ಟು ಆಡುವವನ ಎತ್ತರಕ್ಕಿಂತ ಸುಮಾರು ೮ರಿಂದ ೧೦ ಅಂಗುಲ ಉದ್ದವಿದ್ದರೆ ಸಾಕು. ಅಳತೆಪಟ್ಟಿ ಇಲ್ಲದಿದ್ದರೆ ಹುಟ್ಟನ್ನು ಪಕ್ಕದಲ್ಲಿ ನಿಲ್ಲಿಸಿ ಕೈಯನ್ನು ಮೇಲೆತ್ತಿ. ಹಿಡಿಯು ಮಣಿಕಟ್ಟಿನ ಹತ್ತಿರಕ್ಕೆ ಬರಬೇಕು. ಆ ಪ್ರಕಾರ ಐದಡಿಯವಳಿಗೆ ಐದಡಿ ೮ ಅಂಗುಲದಿಂದ ೧೦ ಅಂಗುಲದವರೆಗಿನ ಹುಟ್ಟು ಬೇಕು. ಆರಡಿಯವನದು ಅದಕ್ಕಿಂತ ಒಂದಡಿ ಉದ್ದ. ಉದ್ದ ಹೆಚ್ಚಾದರೆ ಪ್ರತಿ ಸಲವೂ ಮೇಲಿನ ಕೈ ತಲೆಗಿಂತ ಎತ್ತರಕ್ಕೆ ಹೋಗಿ ಭುಜ ನೋಯುತ್ತದೆ; ಕಡಮೆಯಾದರೆ ಬಾಗಿ ಬಾಗಿ ಬೆನ್ನು ನೋಯುತ್ತದೆ.

ಎರಡನೆಯದು ಅಲಗು, ಎಂದರೆ ನೀರಿಗಿಳಿಯುವ ಅಗಲವಾದ ತುದಿ. ದೊಡ್ಡ ಅಲಗು ಹೆಚ್ಚು ನೀರನ್ನು ಹಿಡಿಯುತ್ತದೆ, ನಿಜ. ಆದರೆ ಅಷ್ಟು ನೀರನ್ನು ತಳ್ಳಬೇಕಾದದ್ದು ನಮ್ಮ ಭುಜವೇ. ಸಣ್ಣ ಮೈಕಟ್ಟಿನವರಿಗೆ ೮೦ರಿಂದ ೯೦ ಚದರ ಅಂಗುಲದ ಅಲಗು ಹಿತಕರ. ಅಲಗು ಕೋಲಿನ ನೇರಕ್ಕಿರದೆ ಸುಮಾರು ೧೦ ಡಿಗ್ರಿ ಬಾಗಿರುತ್ತದೆ. ಆ ಬಾಗು ಹಲಗೆಯ ಮುಂತುದಿಯ ಕಡೆಗಿರಬೇಕು. ತಿರುಗಿಸಿ ಹಿಡಿದರೆ ಸೌಟಿನಿಂದ ಸಾರು ಮೊಗೆದಂತೆ ನೀರು ಮೇಲೇಳುತ್ತದೆಯೇ ಹೊರತು ಹಲಗೆ ಮುಂದಕ್ಕೆ ಹೋಗುವುದಿಲ್ಲ.

ಮೂರನೆಯದು ತೂಕ. ಅಲ್ಯುಮಿನಿಯಂ ಹುಟ್ಟು ಹೆಚ್ಚುಕಡಮೆ ಒಂದು ಕಿಲೋ ತೂಗುತ್ತದೆ. ಗಾಜಿನ ನಾರಿನದು ೭೦೦ ಗ್ರಾಮಿನ ಆಸುಪಾಸು. ಕಾರ್ಬನ್ನಿನದು ಇನ್ನೂ ಹಗುರ, ಬೆಲೆ ಮಾತ್ರ ಭಾರ. ೩೦೦ ಗ್ರಾಮು ಏನು ಮಹಾ ಎನ್ನಬಹುದು. ನಿಮಿಷಕ್ಕೆ ೪೦ ಬಾರಿ ಹುಟ್ಟು ಹಾಕಿದರೆ ಗಂಟೆಗೆ ೨,೪೦೦ ಸಲ ಅದನ್ನೆತ್ತಬೇಕು. ೨,೪೦೦ ಸಲ ೩೦೦ ಗ್ರಾಮು ಎಂದರೆ ೭೨೦ ಕಿಲೋ. ಐವತ್ತು ಕಿಲೋ ತೂಗುವ ಹದಿನಾಲ್ಕು ಮೂಟೆ ಅಕ್ಕಿಗೂ ಮಿಗಿಲು!

“ನಮ್ಮ ಹಳ್ಳಿಯ ಜನ ಇಷ್ಟೆಲ್ಲ ಅಳತೆ ನೋಡುತ್ತಾರೆಯೇ?” ಎಂದು ಕೆಲವರು ಆಕ್ಷೇಪಿಸಬಹುದು. ಖಂಡಿತ ನೋಡುತ್ತಾರೆ. ಗುದ್ದಲಿಗೆ ಕಾವು ಹಾಕಿಸುವ ರೈತ ಅದು ತನ್ನ ಕೈಗೆ, ತನ್ನ ಎತ್ತರಕ್ಕೆ ಹೊಂದುತ್ತದೆಯೋ ಇಲ್ಲವೋ ಎಂದು ಎತ್ತಿ ನೋಡದೆ ಬಿಡುವುದಿಲ್ಲ. ಪದವಿ ಓದುತ್ತಿರುವ ನಮಗೆ ಅಷ್ಟು ವಿವೇಕ ಬೇಡವೇ?

ಸರಕಾರಿ ಕಾಲೇಜಿನಲ್ಲಿ ಹಣದ ಪ್ರಶ್ನೆ ಏಳುವುದು ಸಹಜ. ಆಳಿಗೊಂದು ಹುಟ್ಟು ಕೊಳ್ಳಿರೆಂದು ನಾನು ಹೇಳುವುದಿಲ್ಲ. ಕೋಲಿನ ಉದ್ದವನ್ನು ಹೆಚ್ಚು ಕಡಮೆ ಮಾಡಿ ಬಿಗಿಯುವ ಹುಟ್ಟುಗಳು ದೊರೆಯುತ್ತವೆ. ಒಬ್ಬನೇ ಬಳಸುವುದಾದರೆ ಒಂದೇ ಕೋಲಿನ ಹುಟ್ಟು ಹಗುರವೂ ಗಟ್ಟಿಯೂ ಹೌದು. ಹತ್ತು ಜನ ಬಳಸುವ ಕಡೆ ಉದ್ದ ಹೊಂದಿಸಬಲ್ಲದ್ದೇ ಲೇಸು. ಉಪ್ಪುನೀರಿನಿಂದ ತಂದ ಮೇಲೆ ಸಿಹಿನೀರಿನಲ್ಲಿ ತೊಳೆದರಾಯಿತು. ಇಲ್ಲವಾದರೆ ಉಪ್ಪೂ ಮರಳೂ ಸೇರಿ ಜೋಡಣೆ ಕಚ್ಚಿಕೊಳ್ಳುತ್ತದೆ. ನಮ್ಮ ಕ್ರೀಡಾಸಂಘ ಎಂದಾದರೂ ಈ ಆಟಕ್ಕೆ ಹಣ ತೆಗೆದಿರಿಸಿದರೆ ಅದನ್ನು ಮೊದಲು ತೇಲುವ ಅಂಗಿಗೂ ಕಾಲಿಗೆ ಬಿಗಿಯುವ ಹಗ್ಗಕ್ಕೂ, ಅನಂತರ ಒಳ್ಳೆಯ ಹುಟ್ಟುಗಳಿಗೂ, ಉಳಿದದ್ದನ್ನು ಹಲಗೆಗೂ ಖರ್ಚು ಮಾಡಲಿ. ಹಲಗೆ ಒಂದು ಕಡಮೆಯಾದರೆ ಸರದಿಯಂತೆ ಆಡಬಹುದು. ಹೊಂದದ ಹುಟ್ಟಿನಿಂದ ಭುಜ ನೋಯಿಸಿಕೊಂಡವಳಿಗೆ ಸರದಿ ಬಂದರೂ ಪ್ರಯೋಜನವಿಲ್ಲ.

ಗುರುಗಳಲ್ಲಿಯೂ ಗೆಳೆಯರಲ್ಲಿಯೂ ನನ್ನ ಬಿನ್ನಹ ಇಷ್ಟೆ. ನಮ್ಮಲ್ಲಿ ಯಾರಾದರೂ ನೀರಿನ ಮೇಲೆ ಸೋತು ದಡಕ್ಕೆ ಬಂದರೆ ಅವರ ತೋಳನ್ನು ದೂರುವ ಮೊದಲು ಅವರ ಕೈಯಲ್ಲಿರುವ ಕೋಲನ್ನು ಒಮ್ಮೆ ಅಳೆದು ನೋಡಿರಿ. ಅಳತೆ ಸರಿಯಿದ್ದೂ ಸೋತರೆ ಆಗ ಅಭ್ಯಾಸದ ಮಾತನಾಡೋಣ.