ಸಿಗಲಿಲ್ಲ ಅಂತ ಬರೆಯಿರಿ

ಫೆಬ್ರವರಿಯ ಒಂದು ಭಾನುವಾರ ಬೆಳಗ್ಗೆ ಏಳೂವರೆಗೆ ಪುಣೆಯ ಒಂದು ಟೇಕಡಿಯ ಮೇಲೆ ನಾನೂ ನಮ್ಮಪ್ಪನೂ ಹಳೇ ಕಲ್ಲುಕಟ್ಟೆಯೊಂದರ ಸಂದಿಗಳನ್ನು ತಡಕಾಡುತ್ತಿದ್ದೆವು. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ಸ್ವಲ್ಪ ಹೊತ್ತು ನಿಂತು ನೋಡಿ, "ಕಾಹೀ ಹರವ್ಲಂ ಕಾ?" ಅಂದರು. ಏನಾದರೂ ಕಳೆದುಕೊಂಡಿರಾ ಅಂತ. ನಾನು ಉತ್ತರ ಜೋಡಿಸುವಷ್ಟರಲ್ಲಿ ಅಪ್ಪ ತನ್ನ ಗದಗಿನ ಮರಾಠಿಯಲ್ಲಿ, ನಾವೇನೂ ಕಳೆದುಕೊಂಡಿಲ್ಲ, ಬೇರೆಯವರದ್ದನ್ನು ಹುಡುಕುತ್ತಿದ್ದೇವೆ ಎಂದು ಹೇಳಿಬಿಟ್ಟರು. ಆ ಹಿರಿಯರು ನಮ್ಮನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಬೇಗ ಬೇಗ ಹೊರಟುಹೋದರು.

ಆ "ಬೇರೆಯವರದ್ದು" ಒಂದು ಸಣ್ಣ ಡಬ್ಬಿ. ಅದರೊಳಗೆ ಒಂದು ಚೀಟಿ ಸುರುಳಿ. ಇಷ್ಟಕ್ಕಾಗಿ ಭಾನುವಾರದ ನಿದ್ದೆ ಬಿಟ್ಟು ಗುಡ್ಡ ಹತ್ತುವ ಹವ್ಯಾಸಕ್ಕೆ ಜಿಯೋಕ್ಯಾಶಿಂಗ್ ಎಂದು ಹೆಸರು. ಯಾರೋ ಒಬ್ಬರು ಡಬ್ಬಿಯೊಂದನ್ನು ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ನೀವು ಜಿಪಿಎಸ್ ಹಿಡಿದು ಹೋಗಿ ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಬರುತ್ತೀರಿ. ಜಗತ್ತಿನಲ್ಲಿ 30 ಲಕ್ಷಕ್ಕೂ ಹೆಚ್ಚು ಇಂಥ ಡಬ್ಬಿಗಳಿವೆ. ನಮ್ಮ ದೇಶದಲ್ಲಿ ಕಡಿಮೆ, ಆದರೆ ನೀವಿರುವ ಮಹಾನಗರದಲ್ಲಿ ಕೆಲವಾದರೂ ಇರುವ ಸಾಧ್ಯತೆ ಚೆನ್ನಾಗಿದೆ. ನಿಮ್ಮ ದಿನದ ದಾರಿಯಲ್ಲೇ ಒಂದು ಇರಬಹುದು, ಗೊತ್ತಿಲ್ಲದೆ ಹತ್ತಾರು ಸಲ ದಾಟಿಹೋಗಿರಬಹುದು.

ಇದರ ಹುಟ್ಟಿಗೆ ಸರಿಯಾದ ತಾರೀಖೇ ಇದೆ. ಅಮೆರಿಕದ ಸರಕಾರ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕಂತಲೇ ಕೆಡಿಸಿ ಕಳಿಸುತ್ತಿತ್ತು. ನೂರು ಮೀಟರ್ ಆಚೀಚೆ ಆಗುವುದು ಮಾಮೂಲು. 2000ದ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಕ್ಲಿಂಟನ್ ಆದೇಶದಂತೆ ಅದು ನಿಂತಿತು. ಮೇ 3ರಂದು ಡೇವ್ ಅಲ್ಮರ್ ಎಂಬವರು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರದ ಕಾಡಿನಲ್ಲಿ ಒಂದು ಬಕೆಟ್ ಇಟ್ಟು, ಜಾಗದ ಅಂಕಿಗಳನ್ನು ಜಿಪಿಎಸ್ ಹುಚ್ಚರ ನ್ಯೂಸ್‌ಗ್ರೂಪಿನಲ್ಲಿ ಪ್ರಕಟಿಸಿದರು. ಬಕೆಟ್ಟಿನಲ್ಲಿ ಪುಸ್ತಕ, ಸಾಫ್ಟ್‌ವೇರ್, ಒಂದು ಕವಣೆ, ಒಂದು ಡಬ್ಬಿ ಬೀನ್ಸ್. ಮೈಕ್ ಟೀಗ್ ಎಂಬವರು ಮೊದಲು ಹೋಗಿ ಹುಡುಕಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜೆರೆಮಿ ಐರಿಶ್ ಜಿಯೋಕ್ಯಾಶಿಂಗ್ ಡಾಟ್ ಕಾಮ್ ಶುರು ಮಾಡಿದರು. ಈಗಲೂ ಎಲ್ಲರೂ ಮೊದಲು ಹೋಗುವುದು ಅಲ್ಲಿಗೇ.

ನಾನು ಇದಕ್ಕೆ ಬಿದ್ದದ್ದು ಆರೋಗ್ಯಕ್ಕೂ ಅಲ್ಲ, ಪ್ರಕೃತಿಪ್ರೇಮದಿಂದಲೂ ಅಲ್ಲ. ಅಮ್ಮ ಹೋದ ಮೇಲೆ ಅಪ್ಪ ಗದಗಿನ ಮನೆಗೆ ಬೀಗ ಹಾಕಿ ನಮ್ಮ ಹತ್ತಿರ ಬಂದರು. ಹನ್ನೊಂದನೇ ಮಹಡಿ. ಕೆಳಗೆ ಇಳಿದರೆ ಮಾತಾಡಲು ಯಾರಿಲ್ಲ. ಬಾಲ್ಕನಿಯಲ್ಲಿ ಕೂತು ಎದುರಿನ ಕಟ್ಟಡಕ್ಕೆ ಎಷ್ಟು ಲಾರಿ ಮರಳು ಬಂತು ಎಂದು ಎಣಿಸುತ್ತಿದ್ದರು. ಸಂಜೆ ನಾನು ಲ್ಯಾಪ್‌ಟಾಪ್ ಮುಚ್ಚಿದಾಗ ಲೆಕ್ಕ ಒಪ್ಪಿಸುತ್ತಿದ್ದರು. ಅವರು ಮೂವತ್ತೆರಡು ವರ್ಷ ಭೂಮಾಪನ ಇಲಾಖೆಯಲ್ಲಿದ್ದವರು. ಸರಪಳಿ ಹಿಡಿದು ಹೊಲ ಅಳೆದು, ಹದ್ದುಬಸ್ತು ಮಾಡಿ, ಬಾಂದಗಲ್ಲು ಹುಡುಕಿದವರು. ಆಫೀಸಿನ ಸಹೋದ್ಯೋಗಿಯೊಬ್ಬಳು ಈ ಆಟದ ವಿಷಯ ಹೇಳಿದಾಗ ನನಗೆ ಮೊದಲು ನೆನಪಾದದ್ದು ಅಪ್ಪನೇ. ಆದರೆ ಶುರುವಿನಲ್ಲಿ ಅವರಿಗೇನೂ ಹಿಡಿಸಲಿಲ್ಲ. "ಡಬ್ಬಿ ಹುಡುಕಾಕ ಗುಡ್ಡ ಹತ್ತಬೇಕೇನೋ? ಅಡಗಿಮನ್ಯಾಗ ಹುಡುಕು" ಅಂದರು.

ಶುರು ಮಾಡಲು ಖರ್ಚೇನಿಲ್ಲ. ಫೋನು ಸಾಕು, ಬೇರೆ ಜಿಪಿಎಸ್ ಉಪಕರಣ ಕೊಳ್ಳಬೇಡಿ. ಉಚಿತ ಖಾತೆ ತೆರೆದು ಅಧಿಕೃತ ಆ್ಯಪ್ ಹಾಕಿಕೊಳ್ಳಿ. ಆಂಡ್ರಾಯ್ಡ್‌ನವರಿಗೆ ಸ್ವಯಂಸೇವಕರು ನಡೆಸುವ ಸಿ:ಜಿಯೋ ಎಂಬ ಉಚಿತ ಆ್ಯಪ್ ಕೂಡ ಇದೆ. ದುಡ್ಡು ಕೊಡುವ ಸದಸ್ಯತ್ವವನ್ನು ಹತ್ತು ಡಬ್ಬಿ ಸಿಕ್ಕ ಮೇಲೆ ಯೋಚಿಸಿದರಾಯಿತು. ನಕ್ಷೆಯಲ್ಲಿ ಡಬ್ಬಿಗಳು ಕಾಣುತ್ತವೆ. ಪ್ರತಿಯೊಂದಕ್ಕೂ ಎರಡು ಅಂಕ: ಹುಡುಕುವುದು ಎಷ್ಟು ಕಷ್ಟ, ತಲುಪುವುದು ಎಷ್ಟು ಕಷ್ಟ. ಎರಡೂ 1ರಿಂದ 5ರವರೆಗೆ. ಮೊದಲಿಗೆ ಎರಡೂ 2ರ ಒಳಗಿರಲಿ. ಗಾತ್ರವನ್ನೂ ನೋಡಿ. "ಮೈಕ್ರೋ" ಎಂದರೆ ಹಳೇ ಫೋಟೋ ರೀಲಿನ ಡಬ್ಬಿಯಷ್ಟು, ಅದಕ್ಕಿಂತ ಚಿಕ್ಕದೂ ಆಗಬಹುದು. ಹೊಸಬರು ಊಟದ ಡಬ್ಬಿಯಷ್ಟಾದರೂ ದೊಡ್ಡದನ್ನು ಆರಿಸಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾದದ್ದು, ಕೊನೆಯ ಸಲ ಅದು ಯಾರಿಗೆ ಯಾವಾಗ ಸಿಕ್ಕಿತು ಅನ್ನುವುದು. ನಮ್ಮಲ್ಲಿ ಎರಡು ವರ್ಷದಿಂದ ಯಾರಿಗೂ ಸಿಗದ ಡಬ್ಬಿ ನಕ್ಷೆಯ ಮೇಲೆ ಮಾತ್ರ ಉಳಿದಿರುವ ಸಂಭವವೇ ಹೆಚ್ಚು.

ನಾನು ಮೊದಲ ದಿನವೇ ಜಾರಿದ್ದು ಎಲ್ಲಿ ಗೊತ್ತೇ? ಆ್ಯಪ್ ಬಿಟ್ಟು, ಅಂಕಿಗಳನ್ನು ಕೈಯಾರೆ ಮ್ಯಾಪಿಗೆ ಹೊಡೆದೆ. ಈ ಆಟದಲ್ಲಿ ಅಂಕಿಗಳನ್ನು ಡಿಗ್ರಿ ಮತ್ತು ದಶಮಾಂಶ ಮಿನಿಟುಗಳಲ್ಲಿ ಬರೆಯುತ್ತಾರೆ. ಉತ್ತರ 18 ಡಿಗ್ರಿ 30.500 ಮಿನಿಟು, ಪೂರ್ವ 73 ಡಿಗ್ರಿ 49.000 ಮಿನಿಟು, ಹೀಗೆ. ನಾನು 18.305, 73.49 ಎಂದು ಹೊಡೆದರೆ ಮ್ಯಾಪ್ ಕೋಥರೂಡ್ ಬಿಟ್ಟು ನಲವತ್ತು ಕಿ.ಮೀ. ಆಚೆ, ತೋರಣಾ ಕೋಟೆಗೂ ಅತ್ತ, ಸಹ್ಯಾದ್ರಿಯ ಘಟ್ಟಕ್ಕೆ ಒಯ್ದು ನಿಲ್ಲಿಸಿತು. ಮಿನಿಟನ್ನು 60ರಿಂದ ಭಾಗಿಸಬೇಕು, ಸರಿಯಾದದ್ದು 18.5083, 73.8167. ಹದಿನೈದು ವರ್ಷದಿಂದ ಕೋಡ್ ಬರೆಯುವವನು ನಾನು. ಅಪ್ಪ ಹಿಂದಿನಿಂದ ಬಗ್ಗಿ ನೋಡಿ, "ಡಿಗ್ರಿಗೆ ಅರವತ್ತು ಮಿನಿಟಪಾ" ಎಂದರು. ಅವತ್ತೇ ಸಂಜೆ ಅವರು ನನ್ನ ಜತೆ ಬರಲು ಒಪ್ಪಿದ್ದು. ಇವನನ್ನು ಒಬ್ಬನೇ ಕಳಿಸಿದರೆ ಕಷ್ಟ ಅನ್ನಿಸಿರಬೇಕು.

ಫೋನು ನಿಮ್ಮನ್ನು ಸುಮಾರು ಐದು ಮೀಟರ್ ಹತ್ತಿರಕ್ಕೆ ಕರೆದೊಯ್ಯುತ್ತದೆ, ಅದೂ ತೆರೆದ ಆಕಾಶದ ಕೆಳಗೆ. ಮರ, ಬಂಡೆ, ಎತ್ತರದ ಕಟ್ಟಡವಿದ್ದರೆ ಇನ್ನೂ ದೂರಕ್ಕೇ ಕೈ ಬಿಡುತ್ತದೆ. ಬಚ್ಚಿಟ್ಟವರ ಫೋನಿಗೂ ಅಷ್ಟೇ ತಪ್ಪು ಇದ್ದಿರುತ್ತದಲ್ಲ, ಎರಡೂ ಸೇರುತ್ತವೆ. ಹೊಸಬರು ಇಲ್ಲಿ ಪರದೆ ನೋಡುತ್ತ ಬಾಣ ತಿರುಗಿದ ಕಡೆಗೆಲ್ಲ ತಿರುಗುತ್ತಾರೆ. ನಾನೂ ಹಾಗೇ ತಿರುಗಿದೆ. ಅಪ್ಪ ಮಾಡಿದ್ದು ಬೇರೆ. ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ಬಾಣದ ದಿಕ್ಕು ನೋಡಿ ಒಂದು ಗುರುತು ಹಿಡಿದರು. ಇನ್ನೊಂದು ಬದಿಯಿಂದ ಬಂದು ಮತ್ತೊಂದು, ಮೂರನೇ ಬದಿಯಿಂದ ಇನ್ನೊಂದು. ಮೂರು ಗೆರೆ ಕೂಡಿದ ಕಡೆ ಬೂಟಿನಿಂದ ಒಂದು ಗೀಟು ಎಳೆದು, "ಫೋನ್ ಕಿಸೇದಾಗ ಇಡು" ಎಂದರು. ಆಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ನಾನಾಗಿದ್ದರೆ ಇಲ್ಲಿ ಎಲ್ಲಿ ಇಡುತ್ತಿದ್ದೆ? ಸುತ್ತಲಿನದಕ್ಕೆ ಹೊಂದದ ಕಲ್ಲು, ತೀರಾ ನೀಟಾಗಿ ಜೋಡಿಸಿದ ಕಡ್ಡಿಗಳು, ಬೇಲಿಯ ಕಂಬದ ಪೊಳ್ಳು, ಮರದ ಬೇರಿನ ಸಂದಿ. ಕೈ ಹಾಕುವ ಮೊದಲು ಕೋಲು ಹಾಕಿ. ಹಾವು ಚೇಳುಗಳಿಗೂ ಅವೇ ಜಾಗ ಪ್ರಿಯ. ನೆಲ ಅಗೆಯಬೇಡಿ, ಜಾಗದ ಒಡೆಯರ ಸ್ಪಷ್ಟ ಒಪ್ಪಿಗೆಯಿಲ್ಲದೆ ಹೂಳಿ ಇಡುವುದಕ್ಕೆ ಆಟದ ನಿಯಮದಲ್ಲೇ ಅವಕಾಶವಿಲ್ಲ. ಏನೂ ಹೊಳೆಯದಿದ್ದರೆ ಆ್ಯಪಿನಲ್ಲಿ ಸುಳಿವು ಇರುತ್ತದೆ. ವೆಬ್‌ಸೈಟಿನಲ್ಲಿ ಅದನ್ನು ಅಕ್ಷರಗಳನ್ನು ಹದಿಮೂರು ಸ್ಥಾನ ಜರುಗಿಸಿ ಬರೆದಿರುತ್ತಾರೆ, ಕಣ್ಣು ತಪ್ಪಿ ಓದಿಬಿಡಬಾರದೆಂದು. ಕಾಲೇಜಿನ ಲ್ಯಾಬ್ ಪರೀಕ್ಷೆಯ ನೆನಪಾಯಿತು.

ಅಂದ ಹಾಗೆ, ಈ ಆಟ ಗೊತ್ತಿಲ್ಲದ ದಾರಿಹೋಕರಿಗೆ ಹ್ಯಾರಿ ಪಾಟರ್‌ನಿಂದ ಎರವಲು ತಂದ "ಮಗಲ್" ಎಂಬ ಹೆಸರಿದೆ. ಅವರ ಕಣ್ಣೆದುರು ಡಬ್ಬಿ ತೆಗೆಯಬಾರದು, ಯಾರಾದರೂ ಎತ್ತಿಕೊಂಡು ಹೋಗುತ್ತಾರೆ ಅನ್ನುವುದು ರೂಢಿ. ವಿದೇಶದಲ್ಲಿ ಸರಿ. ನಮ್ಮ ನಗರಗಳಲ್ಲಿ ಕದ್ದುಮುಚ್ಚಿ ಪೊದೆ ತಡಕುವವನನ್ನು ಜನ ನೋಡುವ ರೀತಿಯೇ ಬೇರೆ. "ವಾರಸುದಾರರಿಲ್ಲದ ವಸ್ತು ಮುಟ್ಟಬೇಡಿ" ಎಂಬ ಘೋಷಣೆ ಕೇಳುತ್ತಲೇ ದಿನಾ ರೈಲು ಹತ್ತುವ ಮುಂಬಯಿಯವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾರಾದರೂ ಕೇಳಿದರೆ ನೇರವಾಗಿ ಹೇಳಿ, ಆ್ಯಪ್ ತೋರಿಸಿ. ಕಾವಲುಗಾರ ಬೇಡ ಅಂದರೆ ವಾದ ಮಾಡದೆ ಹೊರಡಿ. ದಂಡುಪ್ರದೇಶ, ರೈಲು ಹಳಿ, ಶಾಲೆಯ ಗೋಡೆ ಇವುಗಳ ಹತ್ತಿರ ಗುರುತು ಕಂಡರೂ ಹೋಗಬೇಡಿ. ಪುಣೆ, ಸಿಕಂದರಾಬಾದ್, ದೆಹಲಿಯವರು ಇದನ್ನು ಎರಡು ಸಲ ಓದಿಕೊಳ್ಳಿ. ಹೆಣ್ಣುಮಕ್ಕಳು ಒಬ್ಬರೇ ನಿರ್ಜನ ಗುಡ್ಡಕ್ಕೆ ಹೋಗದೆ ಜೊತೆಗಾರರನ್ನು ಕರೆದುಕೊಂಡು ಹೋಗುವುದು ಮೇಲು ಅಂತ ಬರೆಯಬೇಕಾಗಿರುವುದು ಬೇಸರದ ವಿಷಯ, ಆದರೂ ಬರೆಯುತ್ತಿದ್ದೇನೆ.

ಈಗ ಫೆಬ್ರವರಿಯ ಆ ಭಾನುವಾರಕ್ಕೆ ಬರುತ್ತೇನೆ. ಅದು ನಮ್ಮ ಮೂರನೇ ಡಬ್ಬಿ. ಮೊದಲೆರಡು ಸಿಕ್ಕಿದ್ದವು, ಗರ್ವ ಬಂದಿತ್ತು. ಇದಕ್ಕಾಗಿ ಒಂದು ಗಂಟೆ ನಲವತ್ತು ನಿಮಿಷ ಹುಡುಕಿದೆವು. ಕಟ್ಟೆಯ ಒಂದೊಂದು ಸಂದಿಯನ್ನೂ ಅಪ್ಪ ಎಡದಿಂದ ಬಲಕ್ಕೆ ಎಣಿಸಿ ನೋಡಿದರು. ಇಲ್ಲ. ಬಿಸಿಲೇರಿತು. ಇಳಿಯುವಾಗ ನಾನು, "ಹೋಗಲಿ ಬಿಡಪ್ಪಾ, ಬಂದಿರಲೇ ಇಲ್ಲ ಅಂದ್ಕೊಳ್ಳೋಣ" ಎಂದೆ. ಸಿಗಲಿಲ್ಲ ಎಂದು ದಾಖಲಿಸುವ ಒಂದು ಗುಂಡಿ ಆ್ಯಪಿನಲ್ಲಿದೆ, ಅದನ್ನು ಒತ್ತಿದರೆ ನನ್ನ ಹೆಸರಿನ ಮುಂದೆ ಒಂದು ನೀಲಿ ಅಳುಮುಖ ಬೀಳುತ್ತದೆ. ಎರಡು ಹಳದಿ ನಗುಮುಖಗಳ ಪಕ್ಕ ಅದೊಂದು ಯಾಕೆ?

ಅಪ್ಪ ನಿಂತುಬಿಟ್ಟರು. "ಕಲ್ಲು ಸಿಗಲಿಲ್ಲಂದ್ರ ಸಿಗಲಿಲ್ಲಂತ ಬರೀಬೇಕು" ಎಂದರು. ಅಳತೆಗೆ ಹೋದಾಗ ಬಾಂದಗಲ್ಲು ಇದ್ದ ಕಡೆ ಇಲ್ಲದಿದ್ದರೆ ಪುಸ್ತಕದಲ್ಲಿ "ಕಲ್ಲು ಕಾಣೆ" ಎಂದು ಬರೆಯಲೇಬೇಕು, ಎಲ್ಲೆಲ್ಲಿ ನೋಡಿದೆ ಅಂತಲೂ ಬರೆಯಬೇಕು. ಬರೆಯದೆ ಮುಂದೆ ಹೋದವನ ಸಲುವಾಗಿ ಎರಡು ಮನೆಯವರು ಇಪ್ಪತ್ತು ವರ್ಷ ಕೋರ್ಟಿಗೆ ಅಲೆದದ್ದನ್ನು ತಾವು ಕಣ್ಣಾರೆ ಕಂಡಿದ್ದಾಗಿ ಹೇಳಿದರು. ಇಷ್ಟು ವರ್ಷದಲ್ಲಿ ತಮ್ಮ ಕೆಲಸದ ಬಗ್ಗೆ ಅಪ್ಪ ನನ್ನೊಡನೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ನಾನು ಕೇಳಿರಲೂ ಇಲ್ಲ ಅನ್ನಿ.

ಅಲ್ಲೇ ಕಲ್ಲಿನ ಮೇಲೆ ಕೂತು ಅವರು ಹೇಳಿದಂತೆ ಬರೆದೆ. ಯಾವ ದಿನ, ಎಷ್ಟು ಹೊತ್ತು, ಕಟ್ಟೆಯ ಯಾವ ಬದಿ ನೋಡಿದೆವು, ಉತ್ತರದ ಮೂಲೆಯಲ್ಲಿ ಹೊಸ ಸಿಮೆಂಟು ಕಂಡಿತು, ಇತ್ಯಾದಿ. ಆಮೇಲೆ ಆ ಡಬ್ಬಿಯ ಹಳೇ ದಾಖಲೆಗಳನ್ನು ಸರಿಸಿ ನೋಡಿದರೆ, ಹಿಂದಿನ ಹದಿನಾಲ್ಕು ತಿಂಗಳಲ್ಲಿ ಒಂದೇ ಒಂದು ಸಾಲಿಲ್ಲ. ಯಾರೂ ಹೋಗಲಿಲ್ಲವೋ, ಹೋದವರೆಲ್ಲ ನನ್ನಂತೆಯೇ ಸುಮ್ಮನಾದರೋ. ನಾಲ್ಕನೇ ದಿನ ಡಬ್ಬಿಯ ಒಡೆಯರಿಂದ ಸಂದೇಶ ಬಂತು: ಕಟ್ಟೆ ರಿಪೇರಿಯಾದ ಸುದ್ದಿ ತಮಗೆ ಗೊತ್ತೇ ಇರಲಿಲ್ಲ, ಹೊಸ ಡಬ್ಬಿ ಇಡುತ್ತೇನೆ, ಧನ್ಯವಾದ. ಡಬ್ಬಿಗಳು ವಿರಳವಾಗಿರುವ ನಮ್ಮ ಊರುಗಳಲ್ಲಿ ಆಟ ನಿಂತಿರುವುದೇ ಇಂಥ ಸಾಲುಗಳ ಮೇಲೆ. ಹೊಸದಾಗಿ ಸೇರುವ ನಿಮಗೆ ನನ್ನ ಒಂದೇ ಬೇಡಿಕೆ ಇದು. ಹುಡುಕಿ ಸಿಗದಿದ್ದರೆ ನಾಚಿಕೊಳ್ಳದೆ ಆ ನೀಲಿ ಮುಖ ಒತ್ತಿ, ಎರಡು ಸಾಲು ಬರೆಯಿರಿ.

ಸಣ್ಣಪುಟ್ಟದ್ದು ಇನ್ನೂ ಇದೆ. ಪೆನ್ನು ನೀವೇ ಒಯ್ಯಬೇಕು, ಸಣ್ಣ ಡಬ್ಬಿಯಲ್ಲಿ ಇರುವುದಿಲ್ಲ. ದೊಡ್ಡ ಡಬ್ಬಿಯಲ್ಲಿ ಗೊಂಬೆ, ಗೋಲಿ ಇದ್ದರೆ ಮಕ್ಕಳು ಒಂದನ್ನು ತೆಗೆದುಕೊಳ್ಳಬಹುದು, ಬದಲಿಗೆ ಅಷ್ಟೇ ಬೆಲೆಯದ್ದನ್ನು ಇಡಬೇಕು. ತಿನ್ನುವ ಪದಾರ್ಥ ಬೇಡ, ಇರುವೆ ಇಲಿ ಬರುತ್ತವೆ. ಬರುವಾಗ ದಾರಿಯ ಕಸ ಒಂದಿಷ್ಟು ಹೆಕ್ಕಿ ತರುವ ಒಳ್ಳೆಯ ಪದ್ಧತಿಯೂ ಈ ಬಳಗದಲ್ಲಿದೆ. ಮಳೆಗಾಲದಲ್ಲಿ ಚೀಟಿ ನೆನೆದು ಮುದ್ದೆಯಾಗಿರುತ್ತದೆ, ಒಂದು ಒಣ ಕಾಗದ ಜೊತೆಗಿರಲಿ.

ಅಪ್ಪನಿಗೆ ಈಗ ತಾವೇ ಒಂದು ಡಬ್ಬಿ ಇಡುವ ಹುಕಿ. ನಿಯಮಗಳನ್ನು ಓದಿ ಹೇಳಿದೆ: ಎರಡು ಡಬ್ಬಿಗಳ ನಡುವೆ ಕಡಿಮೆಯೆಂದರೆ 161 ಮೀಟರ್, ಅಂದರೆ 528 ಅಡಿ ಅಂತರ ಬೇಕು. "ಹದಿನಾರು ಸರಪಳಿ ಆತಲ್ಲಪಾ" ಎಂದು ತಕ್ಷಣ ಅಂದರು. ಅವರ ಸರಪಳಿ 33 ಅಡಿಯದು, ಹದಿನಾರು ಆಣೆಗೆ ಒಂದು ಸರಪಳಿ. ಲೆಕ್ಕ ಅಡಿಯೂ ಹೆಚ್ಚುಕಡಿಮೆಯಿಲ್ಲದೆ ಸರಿಹೋಯಿತು. ಜಾಗದ ಒಡೆಯರ ಒಪ್ಪಿಗೆ ಬೇಕು ಅಂದೆ, ಒಪ್ಪಿದರು. ಆಮೇಲೆ ಗೊತ್ತಾಯಿತು, ಅವರ ಮನಸ್ಸಿನಲ್ಲಿದ್ದ ಜಾಗ ಪುಣೆಯಲ್ಲಿಲ್ಲ. ಗದಗಿನ ನಮ್ಮ ಹಳೇ ಹೊಲದ ಬದುವಿನ ಹತ್ತಿರ, ತಾವೇ ನಡೆಸಿದ ಒಂದು ಕಲ್ಲಿನ ಪಕ್ಕ.

ಅಲ್ಲೇ ತೊಡಕು. ರಜೆಗೆ ಹೋದ ಊರಿನಲ್ಲಿ ಡಬ್ಬಿ ಇಟ್ಟು ಬರುವುದನ್ನು ಈ ಆಟ ಸಾಮಾನ್ಯವಾಗಿ ಒಪ್ಪುವುದಿಲ್ಲ. ಕೆಟ್ಟಾಗ, ಕಳೆದಾಗ ಹೋಗಿ ಸರಿಪಡಿಸುವಷ್ಟು ಹತ್ತಿರ ನೀವಿರಬೇಕು, ಇಲ್ಲವೇ ಅಲ್ಲೇ ಇರುವ ಯಾರಾದರೂ ನೋಡಿಕೊಳ್ಳುತ್ತೇನೆಂದು ಒಪ್ಪಿರಬೇಕು. ಗದಗು ಇಲ್ಲಿಂದ ಐನೂರು ಕಿ.ಮೀ. ಹತ್ತಿರ. ನಾವು ವರ್ಷಕ್ಕೆ ಒಂದು ಸಲ ಹೋಗುವವರು, ದಾಖಲೆಯ ಪ್ರಕಾರ ರಜೆಗೆ ಬಂದವರು. ಇದನ್ನು ಹೇಳಿದಾಗ ಅಪ್ಪ ಏನೂ ಮಾತಾಡಲಿಲ್ಲ. ಎದ್ದು ಬಾಲ್ಕನಿಗೆ ಹೋದರು. ಮತ್ತೆ ಲಾರಿ ಎಣಿಸುತ್ತಿದ್ದಾರೆ ಎಂದುಕೊಂಡೆ. ಹೋಗಿ ನೋಡಿದರೆ ಫೋನಿನಲ್ಲಿ ತಮ್ಮ ಹಳೇ ಆಫೀಸಿನ ಸರಪಳಿಯಾಳಿಗೆ, ಈಗ ಆತನಿಗೂ ಅರವತ್ತೈದು, ಅಕ್ಷಾಂಶ ಅಂದರೇನು ಎಂದು ಜೋರುದನಿಯಲ್ಲಿ ವಿವರಿಸುತ್ತಿದ್ದರು.